ಫೋಟೋ ದಿನ ನಾನು ಬಾಚಿದ ತಲೆ

ಒಂದೇ ಶಾಲೆಯ ಗೇಟಿನಲ್ಲಿ ಹದಿನಾರು ವರ್ಷ ನಿಂತಿದ್ದೇನೆ. ಪಾಠ ಹೇಳಲಿಲ್ಲ, ಅಡುಗೆ ಮಾಡಲಿಲ್ಲ, ಆಫೀಸಿನಲ್ಲಿ ಕೂತು ಟೈಪು ಮಾಡಲಿಲ್ಲ. ನಿಂತೆ, ಅಷ್ಟೇ. ಬೆಳಿಗ್ಗೆ ಗೇಟಿನಲ್ಲಿ, ಮಧ್ಯಾಹ್ನ ಊಟದ ಮೇಜುಗಳ ನಡುವೆ, ಆಮೇಲೆ ಆಟದ ಬಯಲಿನಲ್ಲಿ, ಶಾಲೆ ಬಿಟ್ಟ ಮೇಲೆ ಕಾರುಗಳ ಸಾಲಿನಲ್ಲಿ. ಈಗ ಎರಡೂ ಮಂಡಿ ಹೋಗಿವೆ. ಈಚೆಗೆ ಈ ಪರದೇಶಕ್ಕೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳು ಬಹಳ ಜನ ಈ ಕೆಲಸಕ್ಕೆ ಸೇರುತ್ತಿದ್ದಾರೆ. ಡಿಗ್ರಿ ಆದವರು, ಇಂಗ್ಲಿಷು ಬಲ್ಲವರು. ಫೋನು ಮಾಡಿ "ಆಂಟಿ, ಹೇಗಿರುತ್ತೆ ಕೆಲಸ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಗದಗಿನ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಆಡಿದ ಮಾತುಗಳನ್ನೆಲ್ಲ ನಮ್ಮ ಮಾತಿನಲ್ಲೇ ಬರೆದಿದ್ದೇನೆ. ಶಾಲೆಯ ಹೆಸರು, ಅದಿದ್ದ ಊರಿನ ಹೆಸರು ಬರೆಯುವುದಿಲ್ಲ. ನಾವಿದ್ದದ್ದು ಹೇವರ್ಡಿನಲ್ಲಿ, ಅಲ್ಲಿಂದ ಒಂದೇ ಬಸ್ಸಿನ ದೂರ, ಅಷ್ಟು ಸಾಕು.

ಮೊದಲು ಕಾಲಿನ ಮಾತು. ಬೂಟು ಒಳ್ಳೆಯದು ಕೊಳ್ಳಿ. ಮಗಳು ಹಾಕಿ ಬಿಟ್ಟದ್ದನ್ನು ಹಾಕಿಕೊಂಡು ಹೋಗಬೇಡಿ, ನಾನು ಹೋಗಿ ಕೆಟ್ಟೆ. ಎರಡನೆಯದು, ಬಾತ್‌ರೂಮು. ಗೇಟು ಬಿಟ್ಟು ಹೋಗುವಂತಿಲ್ಲ, ಬೇರೆಯವರು ಬಂದು ನಿಂತ ಮೇಲೇ ಹೋಗಬೇಕು, ಅವರು ಬರುವುದಿಲ್ಲ. ಬೆಳಿಗ್ಗೆ ಚಹಾ ಅರ್ಧ ಕಪ್ಪೇ ಕುಡಿಯಿರಿ. ಮೂರನೆಯದು, ಮಕ್ಕಳ ಹೆಸರು ಕಲಿಯಿರಿ. ಹೆಸರು ಹಿಡಿದು ಕರೆದರೆ ಓಡುವ ಹುಡುಗ ನಿಲ್ಲುತ್ತಾನೆ. ಸೀಟಿ ಊದಿದರೆ ಇನ್ನೂ ಜೋರಾಗಿ ಓಡುತ್ತಾನೆ.

ನಾನು ಸೇರಿದ ವರ್ಷ ಶಾಲೆ ಶುರುವಾದ ವಾರದಲ್ಲೇ ಪಂಚಮಿ ಬಂದಿತ್ತು. ಶೇಂಗಾ ಉಂಡಿ ಕಟ್ಟಿಕೊಂಡು ಹೋಗಿ ಗೇಟಿನಲ್ಲಿ ಬಂದ ಮಕ್ಕಳಿಗೆ ಹಂಚಿದೆ. ಮೂರನೆಯ ತರಗತಿಯ ಒಬ್ಬ ಹುಡುಗನಿಗೆ ಶೇಂಗಾ ಮೈಗೆ ಆಗುತ್ತಿರಲಿಲ್ಲ, ಅವನ ತುಟಿ ಹತ್ತು ನಿಮಿಷದಲ್ಲಿ ಊದಿ ಬದನೆಕಾಯಿ ಆಯಿತು. ನರ್ಸು ಓಡಿಬಂದು ತೊಡೆಗೆ ಸೂಜಿ ಚುಚ್ಚಿದಳು, ಆಂಬ್ಯುಲೆನ್ಸು ಬಂತು. ಹುಡುಗ ಉಳಿದ. ಅವನ ಅಪ್ಪ ನನ್ನನ್ನು ಅವತ್ತೇ ಕೆಲಸದಿಂದ ತೆಗೆಯಿರಿ ಅಂತ ಪಟ್ಟು ಹಿಡಿದ. ತೆಗೆಯದಂತೆ ತಡೆದವರು ವೈಸ್ ಪ್ರಿನ್ಸಿಪಾಲ್ ಮಿಸೆಸ್ ಹಾರ್ಲೋ. ಎತ್ತರದ ಬಿಳಿ ಹೆಂಗಸು, ಮಾತು ಕಡಿಮೆ, ಒಂದು ದಿನವೂ ತಡವಾಗಿ ಬಂದವರಲ್ಲ. ನನ್ನನ್ನು ಒಳಗೆ ಕರೆದು, "ನೀಲಾ, ಇನ್ನು ಮೇಲೆ ಯಾವ ಮಗುವಿಗೂ ಏನೂ ಕೊಡಬೇಡಿ. ನೀರು ಕೂಡ," ಅಂದರು. ಅಷ್ಟೇ ಬೈಗುಳ.

ಅವರ ಬಗ್ಗೆ ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಯಜಮಾನರು ಕಾರ್ಖಾನೆಯೊಂದರಲ್ಲಿ ಲೇತ್ ಮಷಿನ್ನಿನ ಕೆಲಸಕ್ಕಿದ್ದರು. ಕಾರ್ಖಾನೆ ಮುಚ್ಚಿತು. ಅದೇ ವರ್ಷ ಅವರ ಕಿಡ್ನಿಯೂ ಕೈಕೊಟ್ಟಿತು, ವಾರಕ್ಕೆ ಮೂರು ದಿನ ಡಯಾಲಿಸಿಸ್. ನನ್ನದು ಅರ್ಧ ದಿನದ ಕೆಲಸ, ಅದಕ್ಕೆ ಆಸ್ಪತ್ರೆಯ ಖರ್ಚು ನೋಡಿಕೊಳ್ಳುವ ಇನ್ಶೂರೆನ್ಸ್ ಇಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಹಾರ್ಲೋ ಅವರಿಗೆ ಹೇಗೋ ಗೊತ್ತಾಯಿತು. ಮುಂದಿನ ತಿಂಗಳು ನನ್ನ ಕೆಲಸಕ್ಕೆ ಊಟದ ಹೊತ್ತು, ಆಟದ ಹೊತ್ತು ಎಲ್ಲ ಸೇರಿಸಿ ಪೂರ್ತಿ ದಿನ ಮಾಡಿಸಿದರು. ಇನ್ಶೂರೆನ್ಸ್ ಬಂತು. ಯಜಮಾನರು ಆಮೇಲೆ ಒಂಬತ್ತು ವರ್ಷ ಬದುಕಿದರು. ನಾನು ಥ್ಯಾಂಕ್ಸ್ ಹೇಳಲು ಹೋದರೆ, "ಗೇಟಿಗೆ ಜನ ಬೇಕಾಗಿತ್ತು," ಅಂದರು.

ಈಗ ಚೀಟಿಯ ವಿಷಯ. ನಮ್ಮದು ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆ, ಆದರೂ ಯೂನಿಫಾರ್ಮು ಇತ್ತು. ನೀಲಿ ಅಂಗಿ, ಕಾಕಿ ಪ್ಯಾಂಟು, ಕಪ್ಪು ಬೂಟು. ತಪ್ಪಿದವರಿಗೆ ಗೇಟಿನಲ್ಲಿ ಗುಲಾಬಿ ಚೀಟಿ. ಚೀಟಿ ಬಂದರೆ ಆಫೀಸಿನಲ್ಲಿ ಕೂರಬೇಕು, ಮನೆಯಿಂದ ಯಾರಾದರೂ ಬಂದು ಸರಿಮಾಡುವವರೆಗೆ ಕ್ಲಾಸಿಲ್ಲ. ಕೂದಲಿಗೂ ನಿಯಮವಿತ್ತು. ಅಚ್ಚುಕಟ್ಟಾಗಿರಬೇಕು, ಹರಡಿರಬಾರದು, ಇತರರ ಗಮನ ಕೆಡಿಸಬಾರದು.

ನನಗೆ ಆ ನಿಯಮ ವಿಚಿತ್ರ ಅನ್ನಿಸಲಿಲ್ಲ. ಗದಗಿನ ಶಾಲೆಯಲ್ಲಿ ಎರಡು ಹೆರಳು, ಕೆಂಪು ರಿಬ್ಬನ್ನು, ತಲೆಗೆ ಎಣ್ಣೆ. ಎಣ್ಣೆ ಹಚ್ಚದೆ ಬಂದರೆ ಅಕ್ಕೋರು ಕಟ್ಟಿಗೆ ಪಟ್ಟಿಯಿಂದ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರು. ನಮ್ಮಲ್ಲಿ ಹೆಂಗಸು ತಲೆಗೂದಲು ಬಿಚ್ಚಿಬಿಡುವುದು ಸಾವಿನ ಮನೆಯಲ್ಲಿ, ಇಲ್ಲವೇ ಮೈಮೇಲೆ ದೇವರು ಬಂದಾಗ. ಹಾಗಾಗಿ ಚೀಟಿಗಳನ್ನು ನಿರಾಳವಾಗಿಯೇ ಬರೆದೆ. ಅಲ್ಲಿಯ ಕರಿಯ ಮಕ್ಕಳ ಕೂದಲು ನೋಡಿ ಮನೆಗೆ ಬಂದು "ಕಾಗಿಗೂಡು" ಅಂತ ನಾನೂ ಆಡಿಕೊಂಡಿದ್ದೇನೆ. ಯಜಮಾನರು ನಗುತ್ತಿದ್ದರು. ಬರೆಯಲು ನಾಚಿಕೆಯೇ, ಆದರೆ ಆಡಿದ್ದು ಆಡಿದ್ದೇ.

ಯಾರಿಗೆ ಚೀಟಿ ಅನ್ನುವುದನ್ನು ನಾನು ಆರಿಸುತ್ತಿರಲಿಲ್ಲ. ಹಾರ್ಲೋ ಮೇಲಿನ ಕಿಟಕಿಯಲ್ಲಿ ನಿಂತು ಮಕ್ಕಳು ಬರುವುದನ್ನು ನೋಡುತ್ತಿದ್ದರು. ನನ್ನ ಸೊಂಟದ ವಾಕಿಟಾಕಿಯಲ್ಲಿ ಅವರ ದನಿ ಬರುತ್ತಿತ್ತು. "ನೀಲಾ, ಹಸಿರು ಬ್ಯಾಗು, ಕೂದಲು." "ನೀಲಾ, ಉದ್ದ ಹುಡುಗ, ಎಡಕ್ಕೆ, ಕೂದಲು." ನಾನು ಆ ಮಗುವನ್ನು ನಿಲ್ಲಿಸಿ ಬರೆಯುತ್ತಿದ್ದೆ. ಹಣೆ ಮುಚ್ಚಿ ಕಣ್ಣಿಗೆ ಬೀಳುವ ಹಳದಿ ಕೂದಲಿನ ಹುಡುಗರು ಎಷ್ಟೋ ಜನ ಇದ್ದರು, ಎದುರಿನ ಕಂಬ ಕೂಡ ಕಾಣದೆ ನಡೆಯುವವರು. ಅವರ ಮೇಲೆ ವಾಕಿಟಾಕಿ ಯಾವತ್ತೂ ಮಾತಾಡಲಿಲ್ಲ. ಇದು ನನ್ನ ಕಣ್ಣಿಗೆ ಬೀಳಲು ಐದು ವರ್ಷ ಬೇಕಾಯಿತು. ಬಿದ್ದ ದಿನ ಅಂಥ ಒಬ್ಬನನ್ನು ತೋರಿಸಿ ಕೇಳಿದೆ, "ಆ ಹುಡುಗನಿಗೆ ಬರೀಲಾ?" ಅಂತ. ಒಂದು ಗಳಿಗೆ ಗರಗರ ಸದ್ದು ಬಂತು. "ಅದು ಬೇರೆ, ನೀಲಾ," ಅಂದರು. ಸರಿ ಅಂದೆ. ಮತ್ತೆ ಕೇಳಲಿಲ್ಲ.

ಆಮೇಲೆ ಕಾನೂನು ಬಂತು. ಹುಟ್ಟಿನಿಂದ ಬಂದ ಕೂದಲು ಹೇಗಿದೆಯೋ ಹಾಗೆ ಇಟ್ಟುಕೊಂಡದ್ದಕ್ಕೆ, ಹೆಣೆದುಕೊಂಡದ್ದಕ್ಕೆ ಶಾಲೆಯವರು ತಕರಾರು ಮಾಡುವಂತಿಲ್ಲ ಅಂತ. ನಮ್ಮ ನಿಯಮದ ಪುಸ್ತಕದಿಂದ ಕೂದಲು ಅನ್ನುವ ಮಾತನ್ನು ತೆಗೆದರು. ಅದೇ ವರ್ಷ ಗುಲಾಬಿ ಚೀಟಿ ಹೋಗಿ ಟ್ಯಾಬ್ಲೆಟ್ಟು ಬಂತು. ಮಗುವಿನ ಫೋಟೋ ಒತ್ತಬೇಕು, ಕೆಳಗೆ ಚಿಕ್ಕ ಚಿಕ್ಕ ಚಿತ್ರಗಳು: ಅಂಗಿ, ಬೂಟು, ಬೆಲ್ಟು. ಕೊನೆಯದು ಕನ್ನಡಿಯ ಚಿತ್ರ, ಅಂದರೆ 'ಒಟ್ಟಾರೆ ಶಿಸ್ತು'. ಆಮೇಲಿನಿಂದ ವಾಕಿಟಾಕಿಯಲ್ಲಿ "ಹಸಿರು ಬ್ಯಾಗು, ಕನ್ನಡಿ" ಅಂತ ಬರತೊಡಗಿತು. ಬರೆಯುವಾಗ ಕೈಯಾದರೂ ನೋಯುತ್ತಿತ್ತು. ಈಗ ಎರಡು ಸಲ ಬೆರಳು ಇಟ್ಟರೆ ಮುಗಿಯಿತು.

ಆ ಹೊತ್ತಿಗೆ ಸರಟೋಗಾದಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಬೆಂಗಳೂರಿನ ಒಬ್ಬ ಹುಡುಗಿ, ದೊಡ್ಡ ಕೆಲಸದಲ್ಲಿರುವವಳು, ಕರಿಯ ಮಕ್ಕಳ ಕೂದಲಿಗೆ ಹಾಕುವ ಚೀಟಿಯ ಮಾತನ್ನು ನಾನು ತೆಗೆದಾಗ ಕೇಳಿ, "ನೀಟಾಗಿರೋದಕ್ಕೆ ಅವರಿಗೆ ಏನು ಪ್ರಾಬ್ಲಮ್ಮು ಆಂಟಿ? ನಮ್ ಮಕ್ಕಳು ಇಲ್ವಾ?" ಅಂದಳು. ಅವಳ ಮಗಳಿಗೆ ಗುಂಗುರು ಕೂದಲು. ಹತ್ತು ವರ್ಷದ ಕೂಸಿಗೆ ಪಾರ್ಲರಿನಲ್ಲಿ ಕೂದಲು ನೆಟ್ಟಗೆ ಮಾಡಿಸಿದ್ದಳು, ಕಿವಿಯ ಹಿಂದೆ ಸುಟ್ಟ ಗುರುತು ಇನ್ನೂ ಹಸಿಯಾಗಿತ್ತು. "ಅಲ್ಲವ್ವಾ, ಆ ಸುಟ್ಟ ಗಾಯಕ್ಕ ಏನರೆ ಹಚ್ಚೀಯೇನು?" ಅಂತ ಕೇಳಿದೆ. ಆಮೇಲೆ ಅವಳು ನನ್ನ ಪಕ್ಕ ಕೂರಲಿಲ್ಲ.

ಟಿಯಾನಾ ಅನ್ನುವ ಹುಡುಗಿ ಶಿಶುವಿಹಾರದಿಂದಲೂ ನನ್ನ ಗೇಟು ದಾಟಿ ಬಂದವಳು. ತಾಯಿ ಡೆನೀಸ್, ಊರ ಬಸ್ಸು ಓಡಿಸುತ್ತಾಳೆ. ಎರಡನೆಯ ತರಗತಿಯಲ್ಲಿದ್ದಾಗ ಟಿಯಾನಾ ನನ್ನ ಮುಂದೆ ನಿಂತು, "ಮಿಸ್ ನೀಲಾ, ನಿಮ್ಮ ಚುಕ್ಕಿ ಇವತ್ತು ವಾಲಿದೆ," ಅಂದಿದ್ದಳು. ಕುಂಕುಮದ ಮಾತು. ನಾನು ಬಾಗಿದರೆ ಬೆರಳಿನಿಂದ ಒರೆಸಿ ಸರಿಮಾಡಿದಳು. ಆಮೇಲೆ ಅದು ದಿನದ ಕೆಲಸವಾಯಿತು. "ಇವತ್ತು ಪಾಸು" ಅನ್ನುವಳು, ಇಲ್ಲವೇ "ಇವತ್ತು ನಿಮಗೇ ಚೀಟಿ" ಅನ್ನುವಳು. ಅವಳ ತಾಯಿ ಭಾನುವಾರವೆಲ್ಲ ಕೂತು ಅವಳ ತಲೆಗೆ ಸಣ್ಣ ಸಣ್ಣ ಹೆರಳು ಹೆಣೆದು ಕಳಿಸುತ್ತಿದ್ದಳು. ಹಾಗೆ ಹೆಣೆದದ್ದಕ್ಕೆ ಎಂಟು ವರ್ಷ ಒಂದೂ ಚೀಟಿ ಬರಲಿಲ್ಲ.

ಎಂಟನೆಯ ತರಗತಿಗೆ ಬಂದ ಮೇಲೆ, ಫೋಟೋ ತೆಗೆಯುವ ದಿನ, ಅವಳು ಕೂದಲನ್ನು ಬಿಟ್ಟುಕೊಂಡು ಬಂದಳು. ಹೆರಳು ಇಲ್ಲ. ತಲೆಯ ಸುತ್ತ ದುಂಡಗೆ, ಕಪ್ಪಗೆ ನಿಂತಿತ್ತು. ಒಂದು ಬದಿಗೆ ಹಳದಿ ಕ್ಲಿಪ್ಪು. ಗೆಳತಿಯರು ಸುತ್ತ ನಿಂತು ಹೊಗಳುತ್ತಿದ್ದರು. ಅವಳು ಮೊದಲ ಸಲ ಗೇಟಿನಲ್ಲಿ ದೊಡ್ಡವಳ ಹಾಗೆ ನಡೆದು ಬಂದಳು.

"ನೀಲಾ, ಹಳದಿ ಕ್ಲಿಪ್ಪು, ಕನ್ನಡಿ," ಅಂತು ವಾಕಿಟಾಕಿ. "ಅದನ್ನು ಕಟ್ಟುವವರೆಗೆ ಫೋಟೋ ಇಲ್ಲ ಅಂತ ಹೇಳಿ."

ಟಿಯಾನಾಗೂ ಕೇಳಿಸಿತು. "ಅಮ್ಮ ರೂಟಿನ ಮೇಲಿದ್ದಾಳೆ. ಮೂರು ಗಂಟೆವರೆಗೆ ಬರೋಕಾಗಲ್ಲ," ಅಂದಳು. ಎಂಟನೆಯ ತರಗತಿಯ ಫೋಟೋ, ಆ ಶಾಲೆಯಲ್ಲಿ ಕೊನೆಯದು. ತಪ್ಪಿಹೋಗುತ್ತದೆ.

ನಾನು ತಪ್ಪಿಸಬಾರದು ಅಂತ ಹೊರಟೆ. ಗೇಟು ಮುಚ್ಚಿದ ಮೇಲೆ ಅವಳನ್ನು ಆಟದ ಸಾಮಾನಿಡುವ ಕೋಣೆಗೆ ಕರೆದುಕೊಂಡು ಹೋಗಿ ಬಕೆಟ್ಟು ಬೋರಲು ಹಾಕಿ ಕೂರಿಸಿದೆ. ನನ್ನ ಚೀಲದಲ್ಲಿ ಹಣಿಗೆ ಇರುತ್ತದೆ, ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿಯೂ ಇರುತ್ತದೆ. ನಮ್ಮ ಕಡೆಯ ಮುದುಕಿಯರಿಗೆ ಒಂದು ರೋಗ, ಯಾವ ಹೆಣ್ಣುಕೂಸು ತಲೆ ಬಿಟ್ಟುಕೊಂಡು ಕಂಡರೂ ಕಾಲ ಸಂದಿಯಲ್ಲಿ ಕೂರಿಸಿಕೊಂಡು ಬಾಚುವುದು. ಅವಳು "ಮಿಸ್ ನೀಲಾ, ಬೇಡ, ಇದು ಹಾಗೆ ಅಲ್ಲ," ಅಂದಳು. "ಸುಮ್ಮನಿರು, ಐದು ನಿಮಿಷ," ಅಂದೆ. ನೀರು ಚಿಮುಕಿಸಿದೆ, ಎಣ್ಣೆ ಸುರಿದೆ, ನಮ್ಮ ತಲೆ ಬಾಚುವ ಹಾಗೆಯೇ ನೆತ್ತಿಯಿಂದ ಕೆಳಗೆ ಸಣ್ಣ ಹಲ್ಲಿನ ಹಣಿಗೆ ಎಳೆದೆ. ಇಳಿಯಲಿಲ್ಲ. ಜೋರಾಗಿ ಎಳೆದೆ. ಹಣಿಗೆಯ ಹಲ್ಲು ಮುರಿದವು. ಕೂದಲು ಉಂಡೆ ಉಂಡೆಯಾಗಿ ಕೈಗೆ ಬಂತು. ಅವಳು ಅಳಲಿಲ್ಲ, ಬಕೆಟ್ಟಿನ ಅಂಚು ಹಿಡಿದು ಕೂತಿದ್ದಳು. ಕೊನೆಗೆ ಎರಡು ಭಾಗ ಮಾಡಿ ಬಿಗಿದು, ಆಫೀಸಿನ ಕಾಗದಕ್ಕೆ ಹಾಕುವ ರಬ್ಬರ್ ಬ್ಯಾಂಡು ಸುತ್ತಿದೆ. ಕಣ್ಣಿನ ಕೊನೆ ಮೇಲಕ್ಕೆ ಎಳೆದುಕೊಂಡಿತ್ತು, ಅಷ್ಟು ಬಿಗಿ. ಚೆಂದ ಆಯಿತು ಅಂದುಕೊಂಡೆ. ಫೋಟೋ ತೆಗೆದರು. ಹಾರ್ಲೋ ವಾಕಿಟಾಕಿಯಲ್ಲಿ, "ಒಳ್ಳೆಯ ಕೆಲಸ, ನೀಲಾ," ಅಂದರು.

ಮಾರನೆಯ ಬೆಳಿಗ್ಗೆ ಡೆನೀಸ್ ಗೇಟಿಗೆ ಬಂದಳು, ಬಸ್ಸಿನವರ ಯೂನಿಫಾರ್ಮಿನಲ್ಲೇ. ಒಂದು ಪ್ಲಾಸ್ಟಿಕ್ ಚೀಲ ತೆಗೆದು ನನ್ನ ಕೈಗಿತ್ತಳು. ಅದರಲ್ಲಿ ಕತ್ತರಿಸಿದ ರಬ್ಬರ್ ಬ್ಯಾಂಡುಗಳಿದ್ದವು, ಅವಕ್ಕೆ ಕೂದಲು ಸುತ್ತಿಕೊಂಡಿತ್ತು.

"ಇದನ್ನು ಬಿಡಿಸೋಕೆ ಎರಡು ಗಂಟೆ ಹಿಡೀತು. ಹಣೆಯ ಅಂಚಿನ ಕೂದಲು ಬೇರು ಸಮೇತ ಬಂದಿದೆ. ಫೋಟೋಗೆ ಅಂತ ಹಿಂದಿನ ದಿನ ಮೂರು ತಾಸು ಕೂತು ತೊಳೆದು, ಒಣಗಿಸಿ, ಒಂದೊಂದೇ ಎಳೆ ಬಿಡಿಸಿ ಕಳಿಸಿದ್ದೆ. ಅದು ಬಾಚದ ತಲೆ ಅಂದುಕೊಂಡಿರಾ?"

"ನಾನು ಸಹಾಯ ಮಾಡಿದೆ," ಅಂದೆ.

"ಯಾರಿಗೆ?"

ಅವಳು ದನಿ ಏರಿಸಲಿಲ್ಲ. ಮೇಲಿನ ಕಿಟಕಿಯ ಕಡೆ ನೋಡಿ, "ಇದನ್ನು ಮಾಡು ಅಂತ ನಿಮಗೆ ಯಾರು ಹೇಳಿದ್ದು?" ಅಂತ ಕೇಳಿದಳು.

"ಯಾರೂ ಇಲ್ಲ. ನಾನೇ."

ಇದು ನಾನು ಮಾಡಿದ ದೊಡ್ಡ ತಪ್ಪು. ಹಣಿಗೆ ಎಳೆದದ್ದು ತಿಳಿಯದೆ ಮಾಡಿದ್ದು. ಇದು ತಿಳಿದೇ ಆಡಿದ್ದು. ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮಗೆ ಹಾಲಿನ ಜೊತೆ ಕುಡಿಸಿರುತ್ತಾರೆ. ಹಾರ್ಲೋ ಹೆಸರು ನನ್ನ ಬಾಯಿಂದ ಹೊರಡಲಿಲ್ಲ.

ಮಾರನೆಯ ದಿನದಿಂದ ಟಿಯಾನಾ ಕೂದಲು ಬಿಟ್ಟುಕೊಂಡೇ ಬಂದಳು. ತಾಯಿ ಹಾಗೇ ಕಳಿಸಿದಳು. ವಾಕಿಟಾಕಿ ದಿನವೂ "ಕನ್ನಡಿ" ಅನ್ನುತ್ತಿತ್ತು, ನಾನು ದಿನವೂ ಬೆರಳಿಟ್ಟೆ. ಹುಡುಗಿ ಆಫೀಸಿನ ಕುರ್ಚಿಯಲ್ಲಿ ಕೂತು ಎಂಟನೆಯ ತರಗತಿ ಓದುತ್ತಿದ್ದಳು. ನನ್ನ ಕುಂಕುಮ ನೋಡುವುದನ್ನು ಬಿಟ್ಟಳು. ನೆಲ ನೋಡಿಕೊಂಡು ದಾಟುತ್ತಿದ್ದಳು. ಮೂರನೆಯ ವಾರ ಮನೆಗೆ ಪತ್ರ ಹೋಯಿತು: ಯೂನಿಫಾರ್ಮಿನ ನಿಯಮವನ್ನು ಪದೇ ಪದೇ ಮೀರಿದ್ದರಿಂದ ಇನ್ನು ಮುಂದೆ ಈ ಶಾಲೆಯಲ್ಲಿ ಜಾಗವಿಲ್ಲ. ಡೆನೀಸ್ ಮೇಲಿನ ಮಂಡಳಿಗೆ ದೂರು ಕೊಟ್ಟಳು. ಕೂದಲಿಗಾಗಿ ಮಗುವನ್ನು ಹೊರಗೆ ಹಾಕುತ್ತಿದ್ದಾರೆ, ಅದು ಕಾನೂನಿಗೆ ವಿರುದ್ಧ ಅಂತ.

ಒಂದು ಮಧ್ಯಾಹ್ನ ಹಾರ್ಲೋ ಊಟದ ಮೇಜಿನ ಹತ್ತಿರ ಬಂದು ಒಂದು ಕಾಗದ ಇಟ್ಟರು. "ಫೋಟೋ ದಿನದ ವಿಷಯ. ನಡೆದದ್ದನ್ನೇ ಬರೆದಿದ್ದೇನೆ. ಇಲ್ಲಿ ಸಹಿ." ನನಗೆ ಇಂಗ್ಲಿಷಿನಲ್ಲಿ ಬೋರ್ಡು ಓದಲು ಬರುತ್ತದೆ, ಅಷ್ಟು ಉದ್ದದ್ದು ಓದಲು ಬರುವುದಿಲ್ಲ. ಎದುರಿನಲ್ಲಿ ಇಬ್ಬರು ಹುಡುಗರು ಹಾಲಿನ ಪೊಟ್ಟಣ ಒಡೆದು ಜಗಳಕ್ಕೆ ಬಿದ್ದಿದ್ದರು. ಸಹಿ ಮಾಡಿ ಅವರನ್ನು ಬಿಡಿಸಲು ಹೋದೆ. ನಿಮಗೆ ಹೇಳುತ್ತೇನೆ, ಓದದೆ ಸಹಿ ಮಾಡಬೇಡಿ. ಯಾರು ಕೊಟ್ಟರೂ ಸರಿ. ಒಳ್ಳೆಯವರು ಕೊಟ್ಟರಂತೂ ಮಾಡಲೇಬೇಡಿ.

ಪ್ರತಿಯನ್ನು ಮನೆಗೆ ತಂದಿದ್ದೆ. ಮಗಳು ಸುಮಾ ಓದಿದಳು. ಅವಳು ಇಲ್ಲಿಗೆ ಬಂದಾಗ ಎಂಟು ವರ್ಷದವಳು, ಈಗ ಎಮರಿವಿಲ್ಲಿನಲ್ಲಿ ಆಫೀಸು. ಓದಿ ಕಾಗದ ಕೆಳಗಿಟ್ಟಳು.

"ಅವ್ವಾ, ಇದರಾಗ ಏನ್ ಬರದದ ಗೊತ್ತೇನು? ಹುಡುಗಿ ತಲಿ ಹೊಲಸಾಗಿತ್ತು, ವಾಸನಿ ಬರ್ತಿತ್ತು, ಅದಕ್ಕ ನೀನೇ ಕರಕೊಂಡು ಹೋಗಿ ಬಾಚಿದಿ ಅಂತ. ಗೇಟ್‌ನ್ಯಾಗ ಯಾರಿಗೆ ರಿಪೋರ್ಟು ಅನ್ನೋದನ್ನ ನೀನೇ ಡಿಸೈಡ್ ಮಾಡ್ತಿ, ಸ್ಕೂಲಿಗೆ ಸಂಬಂಧ ಇಲ್ಲಂತ."

"ವಾಸನಿ? ಎಲ್ಲಿ ವಾಸನಿ? ನಾ ಸುರುವಿದ ಎಣ್ಣಿ ವಾಸನಿ ಅದು."

"ಮತ್ತ ಸೈನ್ ಯಾಕ ಮಾಡಿದಿ?"

ಯಜಮಾನರು ಅವತ್ತು ಡಯಾಲಿಸಿಸ್ಸಿನಿಂದ ಬಂದು ಮಲಗಿದ್ದರು. ಅಲ್ಲಿಂದಲೇ, "ಅಕಿಗೆ ಓದಾಕ ಬಂದಿದ್ರ ಸೈನ್ ಮಾಡ್ತಿದ್ದಳೇನ?" ಅಂದರು.

ಸುಮಾ ಕಾಗದವನ್ನು ಮತ್ತೆ ಎತ್ತಿ ಮಡಚಿದಳು. ಆಮೇಲೆ, "ಸುಮ್ಮನ ಇದ್ದುಬಿಡು ಅವ್ವಾ. ಅಪ್ಪನ ಇನ್ಶೂರೆನ್ಸ್ ನಿನ್ನ ಜಾಬಿನ ಮ್ಯಾಲೆ ಐತಿ. ಮೀಟಿಂಗಿಗೆ ಕರದ್ರ ಇಂಗ್ಲಿಷ್ ಬರಂಗಿಲ್ಲ ಅನ್ನು," ಅಂದಳು.

"ಇಷ್ಟು ವರ್ಷ ಅದನ್ನ ಅಂದೀನಿ," ಅಂದೆ.

ಯಜಮಾನರು ಗೋಡೆಯ ಕಡೆ ಮಗ್ಗುಲಾದರು. "ನನ್ನ ಹೆಸರು ಹೇಳಿ ಆ ಕೂಸಿನ ಸಾಲಿ ಬಿಡಸಬ್ಯಾಡ," ಅಂದರು. ಅಷ್ಟೇ. ಅವರೇನೂ ದೊಡ್ಡ ಮಾತಾಡಿದವರಲ್ಲ, ನೋವಿತ್ತು, ಮಲಗಬೇಕಾಗಿತ್ತು.

ಮೀಟಿಂಗು ಲೈಬ್ರರಿಯಲ್ಲಿ. ಚಿಕ್ಕ ಮಕ್ಕಳ ಕುರ್ಚಿಗಳು, ಎಲ್ಲರ ಮಂಡಿಯೂ ಎದೆಯ ಹತ್ತಿರ. ಮಂಡಳಿಯಿಂದ ಒಬ್ಬ ಹಿರಿಯ ಗಂಡಸು ಬಂದಿದ್ದ, ಕೇಳಿ ಬರೆದುಕೊಳ್ಳುವವನು. ಒಂದು ಬದಿಗೆ ಹಾರ್ಲೋ, ಇನ್ನೊಂದು ಬದಿಗೆ ಡೆನೀಸ್ ಮತ್ತು ಟಿಯಾನಾ. ಹುಡುಗಿ ಸ್ವೆಟರಿನ ಟೋಪಿಯನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಒಳಗೆ ಸೆಕೆ ಇತ್ತು, ಆದರೂ ತೆಗೆಯಲಿಲ್ಲ. ಸುಮಾ ನನ್ನ ಪಕ್ಕ ಕೂತಿದ್ದಳು.

ಆ ಗಂಡಸು ನನ್ನ ಸಹಿ ಇದ್ದ ಕಾಗದ ಓದಿದ. "ಇದು ನಿಮ್ಮ ಸಹಿಯೇ?"

"ಹೌದು."

"ಓದಿ ಮಾಡಿದಿರಾ?"

"ಇಲ್ಲ."

"ಯಾಕೆ?"

"ನನಗೆ ಓದೋಕೆ ಬರೋದಿಲ್ಲ. ಅವರು ಕೊಟ್ಟರು, ಮಾಡಿದೆ."

ಹಾರ್ಲೋ ಮೆಲ್ಲಗೆ, "ನೀಲಾ, ನಿಮಗೆ ಗೊಂದಲವಾಗಿದೆ. ಭಾಷೆಯ ತೊಂದರೆ, ನನಗೆ ಅರ್ಥವಾಗುತ್ತೆ," ಅಂದರು. ಸಿಟ್ಟಿರಲಿಲ್ಲ. ಉಂಡಿಯ ದಿನ ಮಾತಾಡಿದ ದನಿಯೇ. ಸುಮಾ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ಹೇಳು ಅಂತಲೋ ಬೇಡ ಅಂತಲೋ ಇವತ್ತಿಗೂ ಕೇಳಿಲ್ಲ.

"ಗೊಂದಲ ಇಲ್ಲ, ಮಿಸೆಸ್ ಹಾರ್ಲೋ," ಅಂದೆ. "ಯಾರಿಗೆ ಬರೀಬೇಕು ಅಂತ ನಾನು ಒಂದು ದಿನವೂ ಆರಿಸಿಲ್ಲ. ನೀವು ಕಿಟಕಿಯಿಂದ ಹೇಳಿದ್ದೀರಿ, ನಾನು ಬರೆದಿದ್ದೇನೆ. ಮೊದಲು ಕೂದಲು ಅನ್ನುತ್ತಿದ್ದಿರಿ, ಕಾನೂನು ಬಂದ ಮೇಲೆ ಕನ್ನಡಿ ಅಂದಿರಿ. ಹಳದಿ ಕೂದಲಿನ ಹುಡುಗನಿಗೆ ಬರೀಲಾ ಅಂತ ಕೇಳಿದ್ದಕ್ಕೆ ಅದು ಬೇರೆ ಅಂದಿರಿ. ಫೋಟೋ ದಿನ ಕಟ್ಟದಿದ್ದರೆ ಫೋಟೋ ಇಲ್ಲ ಅಂದವರು ನೀವು. ಎಳೆದವಳು ನಾನು. ಅವಳ ತಲೆಯಲ್ಲಿ ವಾಸನೆ ಇರಲಿಲ್ಲ. ಬೇಡ ಅಂತ ಅವಳು ಹೇಳಿದಳು, ನಾನು ಕೇಳಲಿಲ್ಲ. ಅದನ್ನೂ ಬರೆದುಕೊಳ್ಳಿ."

ಅಷ್ಟು ಇಂಗ್ಲಿಷು ನಾನು ಒಟ್ಟಿಗೆ ಯಾವತ್ತೂ ಆಡಿರಲಿಲ್ಲ. ನಡುವೆ ಎರಡು ಕಡೆ ಸುಮಾ ಮಾತು ಎತ್ತಿಕೊಟ್ಟಳು. ಹಾರ್ಲೋ ನನ್ನನ್ನು ನೋಡಲಿಲ್ಲ, ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಡೆನೀಸ್ ಕೇಳಿದಳು, "ಹಾಗಾದರೆ ಗೇಟಿನಲ್ಲಿ ನಾನು ಕೇಳಿದಾಗ ಯಾರೂ ಇಲ್ಲ ಅಂದದ್ದು?"

"ಸುಳ್ಳು."

ಅವಳು ತಲೆ ಆಡಿಸಿದಳು. ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು?

ಎರಡು ವಾರದಲ್ಲಿ ಉತ್ತರ ಬಂತು. ಟಿಯಾನಾಳ ಮೇಲಿದ್ದ ರಿಪೋರ್ಟೆಲ್ಲ ಅಳಿಸಿದರು, ಪತ್ರ ಹಿಂದಕ್ಕೆ ತೆಗೆದುಕೊಂಡರು, ಅವಳು ಶಾಲೆಗೆ ಬರಬಹುದು. ಟ್ಯಾಬ್ಲೆಟ್ಟಿನಲ್ಲಿ ಕನ್ನಡಿಯ ಚಿತ್ರ ಹೋಯಿತು. ಹಾರ್ಲೋ ಆ ವರ್ಷದ ಕೊನೆಗೆ ಬೇರೆ ಕಡೆಗೆ ಹೋದರು. ಬೀಳ್ಕೊಡುಗೆಗೆ ಕೇಕು ಕತ್ತರಿಸಿದರು, ಒಂದು ತುಂಡು ನನ್ನ ಕೈಗೂ ಬಂತು. ಅವರು ಎಲ್ಲರ ಜೊತೆ ಮಾತಾಡಿದರು, ನನ್ನ ಜೊತೆ ಆಡಲಿಲ್ಲ. ನನ್ನ ಕೆಲಸ, ಇನ್ಶೂರೆನ್ಸ್ ಎಲ್ಲ ಹಾಗೇ ಉಳಿದವು. ಅವರು ಮನಸ್ಸು ಮಾಡಿದ್ದರೆ ಅದಕ್ಕೆ ಕೈ ಹಾಕಬಹುದಿತ್ತು, ಹಾಕಲಿಲ್ಲ. ನನಗೆ ಅನ್ನ ಕೊಟ್ಟವರೂ ಅವರೇ, ಆ ಮಕ್ಕಳನ್ನು ಕಿಟಕಿಯಿಂದ ಹೆಕ್ಕಿದವರೂ ಅವರೇ. ಇವೆರಡನ್ನೂ ಒಂದೇ ಮನುಷ್ಯರಲ್ಲಿ ಹೇಗೆ ಇಟ್ಟು ನೋಡುವುದು ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದವರು ಹೇಳಿ.

ಉತ್ತರ ಬಂದ ಮರುದಿನ ಶಾಲೆ ಬಿಡುವ ಹೊತ್ತಿಗೆ ಡೆನೀಸ್ ಮತ್ತು ಟಿಯಾನಾ ಬಂದರು. ಟಿಯಾನಾ ಒಳಗೆ ಹೋಗಿ ಲಾಕರಿನ ಸಾಮಾನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಳು. ನಾನು ಕಾರುಗಳ ಸಾಲಿನಲ್ಲಿ ನಿಂತಿದ್ದೆ.

"ಪತ್ರ ಹಿಂದಕ್ಕೆ ತಗೊಂಡರಲ್ಲ, ಮತ್ತೆ ಯಾಕೆ?" ಅಂತ ಡೆನೀಸಳನ್ನು ಕೇಳಿದೆ.

"ತಲೆ ತಗ್ಗಿಸಿ ಗೇಟು ದಾಟೋದನ್ನ ಕಲಿತುಬಿಟ್ಟಿದ್ದಾಳೆ, ಮಿಸ್ ನೀಲಾ. ಎರಡು ತಿಂಗಳಲ್ಲಿ ಕಲಿತಳು. ಇಲ್ಲೇ ಇದ್ದರೆ ಅದನ್ನ ಮರೆಯಲ್ಲ."

ಟಿಯಾನಾ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು ಬಂದಳು. ನಾನು ತಪ್ಪಾಯಿತು ಅಂದೆ.

"ನೀವು ಅವತ್ತೇ ಹೇಳಿದ್ದರೆ ಅಮ್ಮ ಇಷ್ಟು ಸಲ ಡ್ಯೂಟಿ ಬಿಟ್ಟು ಬರಬೇಕಾಗಿರಲಿಲ್ಲ," ಅಂದಳು.

"ಹೌದು," ಅಂದೆ.

ಅವಳು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಹಿಂದೆ ಸಾಲು ಬೆಳೆದಿತ್ತು, ಯಾರೋ ಹಾರ್ನು ಒತ್ತಿದರು. ನಾನು ರಸ್ತೆಯ ನಡುವೆ ಹೋಗಿ ಎರಡೂ ಕಡೆಯ ಕಾರುಗಳಿಗೆ ಕೈ ಅಡ್ಡ ಹಿಡಿದು ನಿಂತೆ. ಡೆನೀಸ್ ಕಾರು ತಿರುಗಿಸಿಕೊಂಡು ಮುಂದೆ ಹೋದಳು. ಅದು ಕಣ್ಣಿಗೆ ಮರೆಯಾಗುವವರೆಗೂ ಕೈ ಇಳಿಸಲಿಲ್ಲ. ಮಿಕ್ಕವರು ಕಾದರು.